ಮನೆಗೆ ಏರ್ ಬೈಕ್: ಕೊಳ್ಳುವ ಮುಂಚೆ ಏನೇನು ನೋಡಬೇಕು

ಏರ್ ಬೈಕ್ ಅಂದರೆ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್. ಇದರಲ್ಲಿ ಗೇರ್ ಇರುವುದಿಲ್ಲ. ಬಿಗಿ ಮಾಡುವ ತಿರುಪೂ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚಿನವಕ್ಕೆ ಕರೆಂಟೂ ಬೇಡ. ಮುಂದೆ ಪಂಜರದೊಳಗೆ ಒಂದು ದೊಡ್ಡ ಫ್ಯಾನು, ಎರಡು ಪೆಡಲು, ಹಿಂದೆ ಮುಂದೆ ಆಡುವ ಎರಡು ಹ್ಯಾಂಡಲು. ಕಾಲಲ್ಲಿ ತುಳಿಯುತ್ತಾ ಕೈಯಲ್ಲಿ ತಳ್ಳಿ ಎಳೆದರೆ ಫ್ಯಾನು ತಿರುಗುತ್ತದೆ. ಅದರ ರೆಕ್ಕೆಗಳು ಗಾಳಿಯನ್ನು ದೂಡಬೇಕು, ಗಾಳಿ ಅಡ್ಡ ನಿಲ್ಲುತ್ತದೆ. ಯಂತ್ರ ಇಷ್ಟೇ. 1970ರ ದಶಕದ ಕೊನೆಯಲ್ಲಿ ಶ್ವಿನ್ ಕಂಪನಿಯ ಏರ್‌ಡೈನ್ ಬಂದಾಗಲೂ ಇದೇ ತತ್ವ, ಇವತ್ತಿನ ಹೊಸ ಮಾಡೆಲ್‌ನಲ್ಲೂ ಇದೇ.

ಇಷ್ಟು ಸರಳ ಅಂದಮೇಲೆ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ತಗೊಂಡರೆ ಆಯಿತು ಅನ್ನಿಸಬಹುದು. ಆದರೆ ತೊಂದರೆ ಇರುವುದೇ ಅಲ್ಲಿ. ಜಾಹೀರಾತುಗಳೆಲ್ಲ ಸ್ಕ್ರೀನು, ಬ್ಲೂಟೂತು, ಹದಿನೆಂಟು ಥರದ ಪ್ರೋಗ್ರಾಮು ಅಂತ ಹೇಳುತ್ತವೆ. ಬೈಕು ಹತ್ತು ವರ್ಷ ಬಾಳುತ್ತದೋ ಆರು ತಿಂಗಳಿಗೆ ಕಿರುಗುಟ್ಟುತ್ತದೋ ಎಂಬುದನ್ನು ತೀರ್ಮಾನಿಸುವುದು ಮಾತ್ರ ಫೋಟೋದಲ್ಲಿ ಕಾಣದ ಭಾಗಗಳು: ಫ್ರೇಮು, ಬೇರಿಂಗು, ಚೈನು ಅಥವಾ ಬೆಲ್ಟು, ಮತ್ತು ಸೀಟು ನಿಮ್ಮ ಮೈಗೆ ಹೊಂದುವ ರೀತಿ. ನನ್ನ ಮಟ್ಟಿಗೆ ದುಡ್ಡೆಲ್ಲ ಅಲ್ಲಿಗೆ ಹೋಗಬೇಕು. ಸ್ಕ್ರೀನು ಕೊನೆಗೆ.

ಹೆಜ್ಜೆ 1: ಗಾಳಿ ಹೇಗೆ ತಡೆಯುತ್ತದೆ, ತಿಳಿದುಕೊಳ್ಳಿ

ಅಂಗಡಿಯಲ್ಲಿ ಒಂದು ನಿಮಿಷ ಮೆಲ್ಲಗೆ ತುಳಿದು "ಇದೇನು, ತುಂಬ ಹಗುರ ಇದೆಯಲ್ಲ" ಅಂತ ಇಳಿದು ಹೋಗುವವರು ಬಹಳ ಜನ. ಮೆಲ್ಲಗೆ ತುಳಿದರೆ ಹಗುರವಾಗೇ ಇರುತ್ತದೆ. ಏರ್ ಬೈಕ್‌ನ ಗುಟ್ಟು ವೇಗದಲ್ಲಿದೆ.

ಫ್ಯಾನಿನ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆ ವೇಗವನ್ನು ಹಿಡಿದಿಡಲು ಬೇಕಾದ ಶಕ್ತಿ ಎಂಟು ಪಟ್ಟು. ಲೆಕ್ಕಕ್ಕೆ ಹೀಗೆ ನೋಡಿ: ನಿಮಿಷಕ್ಕೆ 50 ಸುತ್ತಿನಲ್ಲಿ 100 ವಾಟ್ ಬೇಕಾಗುವ ಬೈಕ್ ಇದೆ ಅಂದುಕೊಳ್ಳಿ. 60 ಸುತ್ತಿಗೆ ಏರಿಸಿದರೆ ಸುಮಾರು 170 ವಾಟ್ ಬೇಕು. 70ಕ್ಕೆ ಸುಮಾರು 275. 100 ಸುತ್ತು ಮುಟ್ಟಬೇಕಾದರೆ 800 ವಾಟ್! ಸಾಮಾನ್ಯ ಮನುಷ್ಯ ಅಷ್ಟನ್ನು ಕೆಲವು ಸೆಕೆಂಡು ಕೊಟ್ಟರೆ ದೊಡ್ಡದು. ಅದಕ್ಕೇ ಈ ಬೈಕ್‌ನಲ್ಲಿ "ನನಗೆ ಸಾಕಾಗುವಷ್ಟು ಬಿಗಿ ಇಲ್ಲ" ಎಂಬ ಮಾತೇ ಬರುವುದಿಲ್ಲ. ನೀವು ಎಷ್ಟು ಕೊಟ್ಟರೂ ಅದು ಇನ್ನಷ್ಟು ಕೇಳುತ್ತದೆ.

ಇದರಿಂದ ಕೊಳ್ಳುವವರಿಗೆ ಎರಡು ಅನುಕೂಲ. ಒಂದು, ಮನೆಯಲ್ಲಿ ಅರವತ್ತೈದರ ಅಪ್ಪನೂ ಇಪ್ಪತ್ತರ ಮಗನೂ ಒಂದೇ ಬೈಕ್ ಬಳಸಬಹುದು, ಸೀಟನ್ನು ಹೊಂದಿಸುವುದು ಬಿಟ್ಟರೆ ಬೇರೇನೂ ಬದಲಿಸಬೇಕಿಲ್ಲ. ಎರಡು, "16 ಹಂತದ ತಡೆ" ಅಂತ ಬರೆದಿದ್ದಕ್ಕೆ ಜಾಸ್ತಿ ದುಡ್ಡು ಕೊಡುವ ಅಗತ್ಯ ಬೀಳುವುದಿಲ್ಲ.

ಒಂದು ಕೊರತೆಯೂ ಇದೆ. ಹೊರಗೆ ಸೈಕಲ್‌ನಲ್ಲಿ ಏರು ಹತ್ತುವಾಗ ನಿಧಾನವಾಗಿ, ಭಾರವಾಗಿ ತುಳಿಯುತ್ತೇವಲ್ಲ, ಆ ಥರದ ಅಭ್ಯಾಸ ಇದರಲ್ಲಿ ಸಿಗುವುದಿಲ್ಲ. ನಿಧಾನ ಅಂದರೆ ಇಲ್ಲಿ ಹಗುರ ಅಂತಲೇ ಅರ್ಥ. ಅದು ಬೇಕಾದವರು ಕಾನ್ಸೆಪ್ಟ್2 ಕಂಪನಿಯ ಬೈಕ್‌ಅರ್ಗ್ ಥರದ್ದನ್ನು ನೋಡಬಹುದು. ಅದೂ ಗಾಳಿಯಿಂದಲೇ ನಡೆಯುವಂಥದ್ದು. ಆದರೆ ಫ್ಯಾನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಒಂದು ಲಿವರ್ ಇರುತ್ತದೆ, 1ರಿಂದ 10ರವರೆಗೆ. ಅದರಲ್ಲಿ ಆಡುವ ಹ್ಯಾಂಡಲ್ ಇಲ್ಲ, ಕೆಲಸವೆಲ್ಲ ಕಾಲಿನದೇ.

ಹೆಜ್ಜೆ 2: ನಿಮಗೆ ಇದು ಬೇಕೇ, ನಿಮ್ಮ ಮನೆಗೆ ಇದು ಒಗ್ಗುತ್ತದೆಯೇ

ಮೊದಲು ಸದ್ದಿನ ವಿಷಯ. ಏರ್ ಬೈಕ್ ಸದ್ದು ಮಾಡುತ್ತದೆ. ಎಷ್ಟೇ ದುಬಾರಿ ಬೈಕ್ ತಂದರೂ ಫ್ಯಾನು ಗಾಳಿ ಸೀಳುವ ಸದ್ದನ್ನು ಯಾರೂ ನಿಲ್ಲಿಸಲಾರರು, ಯಾಕೆಂದರೆ ವ್ಯಾಯಾಮ ಆಗುತ್ತಿರುವುದೇ ಆ ಗಾಳಿಯಿಂದ. ಮೆಲ್ಲಗೆ ತುಳಿದರೆ ಟೇಬಲ್ ಫ್ಯಾನಿನಷ್ಟು ಅನ್ನಿಸಬಹುದು. ಜೋರಾಗಿ ತುಳಿದರೆ ಟಿವಿಯ ಮಾತು ಕೇಳಿಸುವುದಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿರುವ ಮಗು ಏಳುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಮಾಡೋಣ ಅನ್ನುವವರು ಇದನ್ನು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಕೆಳಗೆ ರಬ್ಬರ್ ಮ್ಯಾಟ್ ಹಾಕಿದರೆ ನೆಲದ ಮೂಲಕ ಕೆಳಗಿನ ಮನೆಗೆ ಹೋಗುವ ಅದುರು ಕಡಿಮೆಯಾಗುತ್ತದೆ. ಗಾಳಿಯ ಸದ್ದಿಗೆ ಮ್ಯಾಟ್‌ನಿಂದ ಏನೂ ಆಗದು.

ಆಮೇಲೆ ನಿಮ್ಮ ಉದ್ದೇಶ. ಧಾರಾವಾಹಿ ನೋಡುತ್ತಾ ಮುಕ್ಕಾಲು ಗಂಟೆ ಒಂದೇ ಸಮನೆ ಕಾಲಾಡಿಸಬೇಕು ಅಂತಿದ್ದರೆ ಮ್ಯಾಗ್ನೆಟಿಕ್ ಬೈಕ್ (ಗಾಳಿಯ ಬದಲು ಅಯಸ್ಕಾಂತದಿಂದ ತಡೆ ಕೊಡುವಂಥದ್ದು) ತಗೊಳ್ಳಿ. ಅದು ಸದ್ದಿಲ್ಲದೆ ನಡೆಯುತ್ತದೆ, ಸೀಟು ಮೆತ್ತಗೆ, ಜಾಗವೂ ಕಡಿಮೆ. ಏರ್ ಬೈಕ್ ಕೊಂಡು ಅದನ್ನು ಹೀಗೆ ಬಳಸುವುದು ಸುಮ್ನೆ ದಂಡ. ಕಡಿಮೆ ಹೊತ್ತಿನಲ್ಲಿ ಚೆನ್ನಾಗಿ ಬೆವರಬೇಕು, ಕೈಕಾಲು ಎರಡಕ್ಕೂ ಕೆಲಸ ಬೇಕು, ಅರ್ಧ ನಿಮಿಷ ಜೋರು ಒಂದು ನಿಮಿಷ ನಿಧಾನ ಅಂತ ಏರಿಳಿತದ ವ್ಯಾಯಾಮ ಬೇಕು ಅನ್ನುವವರಿಗೆ ಇದರಷ್ಟು ಹೊಂದುವ ಯಂತ್ರ ಕಡಿಮೆ. ಬಟನ್ ಒತ್ತಿ ಕಾಯಬೇಕಿಲ್ಲ. ಜೋರಾಗಿ ತುಳಿದ ಕ್ಷಣವೇ ತಡೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಬೇಕು. ಜೋರಾದ ವ್ಯಾಯಾಮವಾದರೆ 75ರಿಂದ 150 ನಿಮಿಷ ಸಾಕು. ಹೊತ್ತು ಸಾಲದವರನ್ನು ಏರ್ ಬೈಕ್ ಸೆಳೆಯುವುದು ಈ ಎರಡನೇ ಲೆಕ್ಕದಿಂದ. ಹೃದಯದ ತೊಂದರೆ, ಬಿಪಿ, ಹಳೆಯ ಭುಜದ ನೋವು ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಇದರಲ್ಲಿ ಗೊತ್ತಾಗದ ಹಾಗೆ ಏದುಸಿರು ಬರುವಷ್ಟು ಏರಿಬಿಡುವುದು ಬಹಳ ಸುಲಭ.

ಹೆಜ್ಜೆ 3: ಟೇಪ್ ಹಿಡಿದು ಜಾಗ ಅಳೆಯಿರಿ

ಹೆಚ್ಚಿನ ಏರ್ ಬೈಕ್‌ಗಳು ಸುಮಾರು 130 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 125ರಿಂದ 135 ಸೆಂಟಿಮೀಟರ್ ಎತ್ತರ ಇರುತ್ತವೆ. ಮಡಚಿ ಮಂಚದಡಿ ತಳ್ಳುವಂಥದ್ದಲ್ಲ. ಎರಡೂ ಪಕ್ಕ ಅರ್ಧ ಮೀಟರ್ ಖಾಲಿ ಬಿಡಿ. ಹತ್ತಿ ಇಳಿಯಲು ಬೇಕು, ಮೊಣಕೈ ಆಡಲೂ ಬೇಕು. ಫ್ಯಾನಿನ ಮುಂದೆ ಪರದೆ, ಒಣಹಾಕಿದ ಬಟ್ಟೆ, ಕಾಗದದ ರಾಶಿ ಇರಬಾರದು.

ಬಾಗಿಲಿನ ಅಗಲ ಮತ್ತು ಮೆಟ್ಟಿಲಿನ ತಿರುವನ್ನೂ ಅಳೆಯಿರಿ. ಒಳ್ಳೆಯ ಬೈಕ್ 40ರಿಂದ 60 ಕಿಲೋ ತೂಗುತ್ತದೆ. ಡಬ್ಬಿಯಲ್ಲಿ ಬಿಡಿ ಭಾಗಗಳಾಗಿ ಬಂದರೂ ಮುಖ್ಯ ಫ್ರೇಮು ಒಂದೇ ತುಂಡು, ಅದನ್ನು ಒಬ್ಬರೇ ಮೇಲಕ್ಕೆ ಸಾಗಿಸಲು ಹೋದರೆ ವ್ಯಾಯಾಮ ಅಲ್ಲೇ ಮುಗಿಯುತ್ತದೆ. ಮುಂಗಾಲಿಗೆ ಚಿಕ್ಕ ಚಕ್ರಗಳಿವೆಯೇ ಎಂದೂ ನೋಡಿಕೊಳ್ಳಿ. ಇದ್ದರೆ ಹಿಂಬದಿ ಎತ್ತಿ ತಳ್ಳಿಕೊಂಡು ಹೋಗಬಹುದು, ಗುಡಿಸಿ ಒರೆಸುವ ದಿನ ಅದರ ಬೆಲೆ ತಿಳಿಯುತ್ತದೆ.

ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಮಾತು. ಹೆಚ್ಚಿನ ಏರ್ ಬೈಕ್‌ಗಳಲ್ಲಿ ಪೆಡಲು, ಹ್ಯಾಂಡಲು, ಫ್ಯಾನು ಮೂರೂ ಒಂದಕ್ಕೊಂದು ಜೋಡಿಕೊಂಡಿರುತ್ತವೆ. ನೀವು ತುಳಿಯುವುದನ್ನು ನಿಲ್ಲಿಸಿದರೂ ಫ್ಯಾನಿನ ಓಟಕ್ಕೆ ಪೆಡಲೂ ಹ್ಯಾಂಡಲೂ ಸ್ವಲ್ಪ ಹೊತ್ತು ಆಡುತ್ತಲೇ ಇರುತ್ತವೆ. ಆಗ ಹತ್ತಿರ ಬಂದ ಮಗುವಿನ ಹಣೆಗೆ ಹ್ಯಾಂಡಲ್ ಬಡಿಯಬಹುದು. ಪಂಜರದ ಸರಳುಗಳ ನಡುವೆ ಪುಟ್ಟ ಬೆರಳು ತೂರುತ್ತದೆಯೇ ಎಂದು ಕೊಳ್ಳುವಾಗಲೇ ಪರೀಕ್ಷಿಸಿ. ತೂರುವಷ್ಟು ಅಗಲವಿದ್ದರೆ ಆ ಮಾಡೆಲ್ ಬಿಟ್ಟುಬಿಡಿ. ಬಳಸದಿರುವಾಗ ಬಾಗಿಲು ಹಾಕಬಹುದಾದ ಕೋಣೆಯಲ್ಲಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಹೆಜ್ಜೆ 4: ಚೈನೋ ಬೆಲ್ಟೋ

ಪೆಡಲ್‌ನಿಂದ ಫ್ಯಾನಿಗೆ ಬಲ ಸಾಗಿಸುವುದು ಚೈನು ಅಥವಾ ಬೆಲ್ಟು. ಬೈಕ್‌ನ ಸ್ವಭಾವ ಅರ್ಧ ಇದರಲ್ಲೇ ನಿಂತಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಚೈನು ಅಂದರೆ ಸೈಕಲ್ಲಿನದ್ದೇ ಥರ. ತುಳಿದ ಕೂಡಲೇ ಫ್ಯಾನು ಹಿಡಿದುಕೊಳ್ಳುತ್ತದೆ. ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಸೈಕಲ್ ರಿಪೇರಿ ಬಲ್ಲ ಯಾರಾದರೂ ಕೈ ಹಾಕಬಹುದು. ಆದರೆ ಕಟಕಟ ಸದ್ದು ಇದ್ದೇ ಇರುತ್ತದೆ. ಕಾಲಕಾಲಕ್ಕೆ ಎಣ್ಣೆ ಬೇಕು, ಸಡಿಲವಾದಾಗ ಬಿಗಿ ಮಾಡಬೇಕು. ಬೆವರು ಬಿದ್ದು ಒರೆಸದೇ ಬಿಟ್ಟರೆ ತುಕ್ಕು. ಅಸಾಲ್ಟ್ ಕಂಪನಿಯ ಕ್ಲಾಸಿಕ್ ಈ ಗುಂಪಿನಲ್ಲಿ ಹೆಸರಾದದ್ದು.

ಬೆಲ್ಟು ಅಂದರೆ ಉದ್ದುದ್ದ ಗೆರೆ ಕೊರೆದ ರಬ್ಬರ್ ಪಟ್ಟಿ. ಎಣ್ಣೆ ಬೇಡ, ಕಟಕಟ ಇಲ್ಲ, ಗಾಳಿಯ ಸದ್ದು ಮಾತ್ರ ಉಳಿಯುತ್ತದೆ. ತುಳಿತ ನಯವಾಗಿರುತ್ತದೆ. ರೋಗ್ ಕಂಪನಿಯ ಎಕೋ ಬೈಕ್ ಬೆಲ್ಟಿನದು. ಬೆಲ್ಟು ಕಿತ್ತರೆ ಅಥವಾ ಜಾರತೊಡಗಿದರೆ ಮಾತ್ರ ಆ ಕಂಪನಿಯ ಬೆಲ್ಟೇ ಬೇಕು. ಎಲ್ಲೆಂದರಲ್ಲಿ ಸಿಗುವುದಿಲ್ಲ. ಭಾರೀ ಫ್ಯಾನು ಇರುವ ಬೆಲ್ಟ್ ಬೈಕ್‌ಗಳಲ್ಲಿ ನಿಂತಲ್ಲಿಂದ ಹೊರಡುವಾಗ ಮೊದಲ ನಾಲ್ಕೈದು ತುಳಿತ ಗಟ್ಟಿ ಅನ್ನಿಸುತ್ತದೆ.

ಮನೆ ಬಳಕೆಗೆ ನಾನು ಬೆಲ್ಟನ್ನೇ ಹೇಳುತ್ತೇನೆ. ಕಾರಣ ಸದ್ದು ಕಡಿಮೆ ಅನ್ನುವುದಷ್ಟೇ ಅಲ್ಲ. ಎಣ್ಣೆ ಹಾಕುವ ಕೆಲಸವನ್ನು ಮನೆಯಲ್ಲಿ ಯಾರೂ ನೆನಪಿಟ್ಟು ಮಾಡುವುದಿಲ್ಲ, ಅಲ್ವಾ? ಜಿಮ್ಮಿನಲ್ಲಿ ಅದಕ್ಕೆ ಒಬ್ಬ ಇರುತ್ತಾನೆ. ನೀವು ಸ್ಪ್ಯಾನರ್ ಹಿಡಿದು ಕೂರುವುದನ್ನು ಇಷ್ಟಪಡುವವರಾದರೆ ಚೈನೂ ಚೆನ್ನಾಗಿಯೇ ನಡೆಯುತ್ತದೆ.

ಅಂಗಡಿಯಲ್ಲಿ ಪರೀಕ್ಷೆ ಹೀಗೆ ಮಾಡಿ. ಪೆಡಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸಿ. ಫ್ಯಾನು ಅಲುಗುವ ಮುಂಚೆ ಪೆಡಲ್ ಸುಮ್ನೆ ಒಂದೆರಡು ಬೆರಳು ಓಡಿದರೆ ಚೈನು ಸಡಿಲ ಇದೆ ಅಂತ. ಹೊಸ ಬೈಕ್‌ನಲ್ಲೇ ಹೀಗಿದ್ದರೆ ಸರಿಮಾಡಿಸಿ ಆಮೇಲೆ ಹತ್ತಿ. ಆಮೇಲೆ ಹತ್ತು ಸೆಕೆಂಡು ಪೂರ್ತಿ ಬಲದಿಂದ ತುಳಿಯಿರಿ. ನಾಚಿಕೊಳ್ಳಬೇಡಿ. ಬೆಲ್ಟು ಜಾರುವುದು, ಚೈನು ಹಾರುವುದು ಮೆಲ್ಲಗೆ ತುಳಿದರೆ ಗೊತ್ತೇ ಆಗುವುದಿಲ್ಲ.

ಹೆಜ್ಜೆ 5: ಫ್ರೇಮು, ಬೇರಿಂಗು, ಹ್ಯಾಂಡಲಿನ ಕೀಲು

ಏರ್ ಬೈಕ್‌ನಲ್ಲಿ ಮನುಷ್ಯ ಸುಮ್ನೆ ಕೂರುವುದಿಲ್ಲ. ಕಾಲು ಕೆಳಗೆ ತುಳಿಯುತ್ತದೆ, ಒಂದು ಕೈ ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ಬೈಕ್ ಪ್ರತಿ ಸುತ್ತಿಗೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಲ್ಪಡುತ್ತದೆ. ತೆಳು ಕೊಳವೆಯ ಫ್ರೇಮಾದರೆ ಜೋರಾಗಿ ತುಳಿದಾಗ ಕಾಲುಗಳು ನೆಲದ ಮೇಲೆ ಕುಣಿಯುತ್ತವೆ. ಅದಕ್ಕೇ ಇಲ್ಲಿ ತೂಕ ಅಂದರೆ ಗುಣ. ಎರಡು ಮಾಡೆಲ್‌ಗಳ ನಡುವೆ ತೂಗಾಡುತ್ತಿದ್ದರೆ, ಬೇರೆಲ್ಲ ಸಮ ಇದ್ದಾಗ, ಭಾರದ್ದನ್ನು ಆರಿಸಿ.

"ಗರಿಷ್ಠ ಬಳಕೆದಾರರ ತೂಕ" ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ಒಳ್ಳೆಯ ಬೈಕ್‌ಗಳಲ್ಲಿ ಅದು 130ರಿಂದ 160 ಕಿಲೋವರೆಗೆ ಇರುತ್ತದೆ. ನಿಮ್ಮ ತೂಕ 85 ಕಿಲೋ, ಬೈಕ್‌ನ ಮಿತಿ 100 ಕಿಲೋ ಅಂದರೆ "ಇನ್ನೂ ಹದಿನೈದು ಇದೆಯಲ್ಲ" ಎಂದು ಸಮಾಧಾನಪಡಬೇಡಿ. ಜೋರಾಗಿ ತುಳಿಯುವಾಗ ಪೆಡಲಿನ ಮೇಲೂ ಸೀಟಿನ ಮೇಲೂ ಬೀಳುವ ಹೊಡೆತ ತಕ್ಕಡಿಯ ಅಂಕಿಯಷ್ಟಕ್ಕೇ ನಿಲ್ಲುವುದಿಲ್ಲ. ಮೂವತ್ತು ನಲವತ್ತು ಕಿಲೋ ಅಂತರ ಇರಲಿ.

ನೋಡಬೇಕಾದ ಇನ್ನೊಂದು ಜಾಗ ಹ್ಯಾಂಡಲು ಫ್ರೇಮಿಗೆ ಕೂಡುವ ಕೀಲು. ಅಗ್ಗದ ಬೈಕ್‌ಗಳು ಮೊದಲು ಸೋಲುವುದು ಅಲ್ಲೇ. ಕೆಲವದರಲ್ಲಿ ಅಲ್ಲಿ ಬರೀ ಪ್ಲಾಸ್ಟಿಕ್ ಉಂಗುರ ಇರುತ್ತದೆ, ಚೆನ್ನಾಗಿರುವವುಗಳಲ್ಲಿ ಮುಚ್ಚಿದ ಬೇರಿಂಗು. ಹ್ಯಾಂಡಲಿನ ತುದಿ ಹಿಡಿದು ಅದು ಆಡಬೇಕಾದ ದಿಕ್ಕಿನಲ್ಲಲ್ಲ, ಅಡ್ಡಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಅಲ್ಲಿ ಸಡಿಲ ಇದೆ. ಪೆಡಲಿನ ಕ್ರ್ಯಾಂಕಿಗೂ (ಪೆಡಲು ಕೂರುವ ತೋಳಿಗೂ) ಹಾಗೇ ಮಾಡಿ, ಫ್ರೇಮಿನ ಕಡೆಗೆ ಒತ್ತಿ ಎಳೆಯಿರಿ. ಕೊನೆಗೆ ಫ್ಯಾನನ್ನು ಚೆನ್ನಾಗಿ ತಿರುಗಿಸಿ ಬಿಟ್ಟು ಕಿವಿಗೊಡಿ. ಗಾಳಿಯ ಸದ್ದು ನಿಧಾನಕ್ಕೆ ಇಳಿಯುತ್ತಾ ಬರುತ್ತದೆ. ಅದು ಪೂರ್ತಿ ನಿಲ್ಲುವ ಮುಂಚಿನ ಕೆಲವು ಸುತ್ತು ಮುಖ್ಯ. ಗಾಳಿಯ ಸದ್ದು ಸತ್ತ ಮೇಲೆ ಅಲ್ಲಿ ಕರಕರ, ಉಜ್ಜುವ ಸದ್ದು, ತಾಳ ಹಾಕಿದ ಹಾಗೆ ಟಿಕ್ ಟಿಕ್ ಕೇಳಿದರೆ ಬೇರಿಂಗು ಸರಿ ಇಲ್ಲ ಅಥವಾ ರೆಕ್ಕೆ ಪಂಜರಕ್ಕೆ ತಾಗುತ್ತಿದೆ.

ಫ್ಯಾನು ಉಕ್ಕಿನದ್ದೋ ಪ್ಲಾಸ್ಟಿಕ್ಕಿನದ್ದೋ ಎಂಬುದಕ್ಕೆ ತುಂಬ ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಕ್ಕು ಬಾಳಿಕೆ ಬರುತ್ತದೆ, ಅಷ್ಟೇ. ತಡೆಗೆ ಮುಖ್ಯವಾದದ್ದು ಅಳತೆ. ಫ್ಯಾನಿನ ಅಡ್ಡಳತೆ ದೊಡ್ಡದಿದ್ದಷ್ಟೂ ಅದೇ ವೇಗದಲ್ಲಿ ತಡೆ ಜಾಸ್ತಿ.

ಹೆಜ್ಜೆ 6: ಬೈಕ್ ನಿಮ್ಮ ಅಳತೆಗೆ ಬರುತ್ತದೆಯೇ

ಇಷ್ಟೆಲ್ಲ ಸರಿ ಇದ್ದು ಸೀಟು ಹೊಂದದಿದ್ದರೆ ಬೈಕು ಬಟ್ಟೆ ಒಣಗಿಸಲು ಮಾತ್ರ. ಹೆಚ್ಚಿನ ಏರ್ ಬೈಕ್‌ಗಳನ್ನು ಎತ್ತರದ, ಅಗಲ ಭುಜದ ಮೈಕಟ್ಟನ್ನು ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. ಐದಡಿಯ ಆಸುಪಾಸಿನವರು ಇದನ್ನು ಪರೀಕ್ಷಿಸದೆ ಕೊಳ್ಳಲೇಬಾರದು.

ಮನೆಯಲ್ಲೇ ಮೊದಲು ಒಂದು ಅಳತೆ ತೆಗೆಯಿರಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಎರಡು ಕಾಲಿನ ನಡುವೆ, ಸೀಟಿನ ಮೇಲೆ ಕೂತಾಗ ಒತ್ತುವಷ್ಟು ಮೇಲಕ್ಕೆ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಅಂತ ಇನ್ನೊಬ್ಬರಿಂದ ಅಳೆಸಿ. ಆ ಅಳತೆಯನ್ನು 0.883ರಿಂದ ಗುಣಿಸಿ. ಸೈಕಲ್ ಓಡಿಸುವವರು ಬಹಳ ಕಾಲದಿಂದ ಬಳಸುವ ಲೆಕ್ಕ ಇದು. ಅಳತೆ 75 ಸೆಂಟಿಮೀಟರ್ ಬಂದರೆ ಉತ್ತರ ಸುಮಾರು 66. ಅಂದರೆ ಕ್ರ್ಯಾಂಕು ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ 66 ಸೆಂಟಿಮೀಟರ್ ಇರಬೇಕು. ಬೈಕ್‌ನ ಸೀಟನ್ನು ಪೂರ್ತಿ ಇಳಿಸಿದಾಗ ಈ ಅಳತೆಗೆ ಬರುತ್ತದೆಯೇ ಎಂದು ಮಾರುವವರನ್ನು ಕೇಳಿ. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಇದೊಂದೇ ಆಧಾರ. ಸಿಕ್ಕ ಅಂಕಿಯಿಂದ ಒಂದೆರಡು ಸೆಂಟಿಮೀಟರ್ ಆಚೀಚೆ ಮಾಡಿಕೊಳ್ಳುವುದು ಇದ್ದದ್ದೇ.

ಬೈಕ್ ಎದುರಿಗೇ ಇದ್ದರೆ ಇನ್ನೂ ಸುಲಭ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ, ಪೆಡಲು ತಳಕ್ಕೆ ಬಂದಾಗ ಕಾಲು ಪೂರ್ತಿ ನೇರವಾಗಬೇಕು. ಆಮೇಲೆ ತುಳಿಯುವ ಹಾಗೆ ಪಾದದ ಮುಂಭಾಗವನ್ನು ಇಟ್ಟರೆ ಮಂಡಿ ತಾನಾಗಿ ಸ್ವಲ್ಪ ಮಡಚಿಕೊಳ್ಳುತ್ತದೆ. ಅಷ್ಟು ಸರಿ. ಸೊಂಟ ಎಡಬಲಕ್ಕೆ ಉರುಳುತ್ತಿದ್ದರೆ ಸೀಟು ಜಾಸ್ತಿ ಮೇಲಿದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಬಹುಮಟ್ಟಿಗೆ ಸೀಟು ತೀರ ಕೆಳಗಿದೆ.

ಸೀಟು ಮೇಲೆ ಕೆಳಗೆ ಮಾತ್ರವಲ್ಲ, ಹಿಂದೆ ಮುಂದೆಯೂ ಸರಿಯಬೇಕು. ಹ್ಯಾಂಡಲು ಪೂರ್ತಿ ದೂರ ಹೋದಾಗ ಮೊಣಕೈ ಚೂರು ಬಾಗಿಯೇ ಇರಬೇಕು, ಭುಜ ಮುಂದಕ್ಕೆ ಎಳೆದುಕೊಂಡು ಹೋಗಬಾರದು. ಉದ್ದ ಕಾಲಿನವರು ಮಂಡಿ ಹ್ಯಾಂಡಲಿನ ಕೊಳವೆಗೆ ಬಡಿಯುವುದಿಲ್ಲವೇ ನೋಡಿಕೊಳ್ಳಿ. ಮನೆಯಲ್ಲಿ ಇಬ್ಬರು ಮೂವರು ಬಳಸುವುದಾದರೆ ಸೀಟು ಬದಲಿಸಲು ಕೈಯಲ್ಲೇ ತಿರುಗಿಸುವ ಗುಂಡಿ ಅಥವಾ ಎಳೆದು ಬಿಡುವ ಪಿನ್ನು ಇರಲಿ, ಪ್ರತಿ ಸಲ ಸ್ಪ್ಯಾನರ್ ಹುಡುಕಬೇಕಾದರೆ ಯಾರೂ ಬದಲಿಸುವುದಿಲ್ಲ. ಸೀಟಿನ ಕಂಬದ ಮೇಲೆ ಅಂಕಿ ಕೊರೆದಿದ್ದರೆ ಇನ್ನೂ ಚೆನ್ನ. "ನಂದು ಏಳು, ನಿಂದು ನಾಲ್ಕು" ಅಂತ ಆಗಿಹೋಗುತ್ತದೆ.

ಸೀಟು ಗಟ್ಟಿ ಇದೆ ಅಂತ ಒಳ್ಳೆಯ ಬೈಕನ್ನು ಬಿಡಬೇಡಿ. ಬಹಳಷ್ಟು ಏರ್ ಬೈಕ್‌ಗಳು ಮಾಮೂಲಿ ಸೈಕಲ್ ಸೀಟನ್ನೇ ಒಪ್ಪುತ್ತವೆ. ಪೆಡಲೂ ಹಾಗೇ, 9/16 ಇಂಚಿನ ಮಾಮೂಲಿ ಮರೆ (ತಿರುಪಿನ ಸುತ್ತುಗೆರೆ) ಇದ್ದರೆ ಅದೇ ಅಳತೆಯ ಯಾವ ಸೈಕಲ್ ಪೆಡಲಾದರೂ ಕೂರುತ್ತದೆ. ಇವೆರಡೂ ಬದಲಾಗುತ್ತವೆಯೇ ಎಂದು ಕೇಳಿ ಗೊತ್ತುಮಾಡಿಕೊಳ್ಳಿ. ಬೇರೆ ಸೀಟೇ ಕೂರದ ಬೈಕ್ ಆದರೆ ಅದರ ಸೀಟಿನ ಮೇಲೆ ಕಾಲು ಗಂಟೆಯಾದರೂ ಕೂತು ನೋಡಿ ತೀರ್ಮಾನಿಸಿ. ಫ್ಯಾನಿನ ಪಕ್ಕ ಕಾಲಿಡುವ ಗೂಟಗಳಿದ್ದರೆ ಕಾಲಿಗೆ ಬಿಡುವು ಕೊಟ್ಟು ಕೈಯಿಂದ ಮಾತ್ರ ನಡೆಸಬಹುದು. ಮಂಡಿ ನೋವಿನ ದಿನಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 7: ಸ್ಕ್ರೀನು

ವಾಟ್, ನಿಮಿಷಕ್ಕೆ ಎಷ್ಟು ಸುತ್ತು, ಸಮಯ. ಈ ಮೂರು ದೊಡ್ಡ ಅಕ್ಷರದಲ್ಲಿ, ಬೆವರು ಕಣ್ಣಿಗಿಳಿದಾಗಲೂ ಕಾಣುವ ಹಾಗಿದ್ದರೆ ಸಾಕು. ಎದೆಗೆ ಕಟ್ಟುವ ಹೃದಯ ಬಡಿತದ ಪಟ್ಟಿಗೆ ಕೂಡುವಂತಿದ್ದರೆ ಒಳ್ಳೆಯದು. ಹೆಚ್ಚಿನವು ಬ್ಯಾಟರಿ ಸೆಲ್‌ನಲ್ಲಿ ನಡೆಯುತ್ತವೆ, ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ.

ಕ್ಯಾಲರಿ ಅಂಕಿಯನ್ನು ನಂಬಿ ಊಟದ ಲೆಕ್ಕ ಹಾಕಬೇಡಿ. ಕಂಪನಿಯಿಂದ ಕಂಪನಿಗೆ ಅದರ ಸೂತ್ರ ಬೇರೆ. ಒಂದರಲ್ಲಿ 50 ತೋರಿಸುವ ಕೆಲಸಕ್ಕೆ ಇನ್ನೊಂದರಲ್ಲಿ 40 ತೋರಿಸಬಹುದು. ಅಂದಾಜಿಗೆ ವಾಟ್‌ನಿಂದಲೇ ಲೆಕ್ಕ ಹಾಕಬಹುದು. 100 ವಾಟ್‌ನಲ್ಲಿ 10 ನಿಮಿಷ ತುಳಿದರೆ 60 ಕಿಲೋಜೂಲ್ ಕೆಲಸ ಆಯಿತು. ಮೈ ಸುಟ್ಟ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲು ಮಾತ್ರ ಪೆಡಲಿಗೆ ಮುಟ್ಟುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಒಂದು ಕಿಲೋಕ್ಯಾಲರಿ ಅಂದರೆ 4.2 ಕಿಲೋಜೂಲ್. ಹಾಗಾಗಿ 60ನ್ನು ನಾಲ್ಕರಿಂದ ಗುಣಿಸಿ 4.2ರಿಂದ ಭಾಗಿಸಿದರೆ ಉತ್ತರವೂ ಹೆಚ್ಚುಕಡಿಮೆ 60 ಕಿಲೋಕ್ಯಾಲರಿಯೇ. ಸ್ಕ್ರೀನು ಇದರ ಎರಡು ಪಟ್ಟು ತೋರಿಸಿದರೆ ಅದು ನಿಮ್ಮನ್ನು ಖುಷಿಪಡಿಸಲು ನೋಡುತ್ತಿದೆ ಅಷ್ಟೇ.

ಬಹಳ ಸ್ಕ್ರೀನುಗಳಲ್ಲಿ "20/10" ಅಂತ ಒಂದು ಬಟನ್ ಇರುತ್ತದೆ. 20 ಸೆಕೆಂಡು ಪೂರ್ತಿ ಜೋರು, 10 ಸೆಕೆಂಡು ಬಿಡುವು, ಹೀಗೆ ಎಂಟು ಸಲ. ಜಪಾನಿನ ಇಜುಮಿ ತಬಾಟ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇದು ಹೆಸರಾಯಿತು. ಅದರಲ್ಲಿ ತುಳಿದವರು ಆಗಲೇ ಆಟೋಟದಲ್ಲಿದ್ದ ಯುವಕರು ಎಂಬುದನ್ನು ಬಟನ್ ಹೇಳುವುದಿಲ್ಲ. ಹೊಸಬರು ಮೊದಲ ವಾರಗಳಲ್ಲಿ ಅದರ ತಂಟೆಗೆ ಹೋಗದಿರುವುದೇ ಲೇಸು.

ಹೆಜ್ಜೆ 8: ವಾರಂಟಿ, ಹಳೆಯ ಬೈಕು

ವಾರಂಟಿ ಕಾಗದದಲ್ಲಿ ಫ್ರೇಮಿಗೆ ಬೇರೆ, ಬಿಡಿಭಾಗಕ್ಕೆ ಬೇರೆ, ರಿಪೇರಿ ಕೂಲಿಗೆ ಬೇರೆ ಅವಧಿ ಇರುತ್ತದೆ. ದೊಡ್ಡಕ್ಷರದಲ್ಲಿ ಬರೆಯುವುದು ಫ್ರೇಮಿನದ್ದನ್ನೇ, ಹಾಳಾಗುವುದು ಬಿಡಿಭಾಗ. ಅದರ ಅವಧಿ ನೋಡಿ. ಬೆಲ್ಟು, ಹ್ಯಾಂಡಲಿನ ಬೇರಿಂಗು, ಸ್ಕ್ರೀನು ಬಿಡಿಯಾಗಿ ಸಿಗುತ್ತವೆಯೇ ಎಂದೂ ಕೇಳಿ. ಮನೆ ಬಳಕೆಯ ವಾರಂಟಿ ಇರುವ ಬೈಕನ್ನು ದುಡ್ಡು ತಗೊಂಡು ನಡೆಸುವ ಜಿಮ್ಮಿನಲ್ಲಿಟ್ಟರೆ ಆ ವಾರಂಟಿ ನಡೆಯುವುದಿಲ್ಲ.

ಏರ್ ಬೈಕ್ ಹಳೆಯದು ಸಿಕ್ಕರೆ ಬಿಡಬೇಡಿ. ಸ್ಕ್ರೀನು ಬಿಟ್ಟರೆ ಮೋಟಾರು, ಸರ್ಕ್ಯೂಟು ಇಲ್ಲದ ಯಂತ್ರ, ಹಾಳಾಗುವುದೆಲ್ಲ ಕಣ್ಣಿಗೆ ಕಾಣುವಂಥದ್ದೇ. ಉತ್ಸಾಹದಲ್ಲಿ ಕೊಂಡು ಮೂರು ತಿಂಗಳಿಗೆ ಮೂಲೆಗೆ ತಳ್ಳಿದವರ ಮನೆಯಿಂದ ಹೊಸದರಂಥದ್ದೇ ಸಿಗುತ್ತದೆ. ಜಿಮ್ಮಿನಿಂದ ಬಂದದ್ದಾದರೆ ಜಾಸ್ತಿ ಎಚ್ಚರ ಬೇಕು. ವೆಲ್ಡಿಂಗ್ ಕೂಡಿದ ಕಡೆ ಕೂದಲೆಳೆಯಂಥ ಬಿರುಕು, ಸೀಟಿನ ಕಂಬದ ತುಕ್ಕು, ಪೆಡಲಿನ ಮರೆ ಸವೆದಿರುವುದು, ಇಷ್ಟನ್ನು ಟಾರ್ಚ್ ಹಿಡಿದು ನೋಡಿ. ಬಿರುಕು ಕಂಡರೆ ಬೆಲೆ ಎಷ್ಟು ಇಳಿಸಿದರೂ ಬೇಡ. ಹೆಜ್ಜೆ 5ರ ಅಲ್ಲಾಡಿಸುವ ಪರೀಕ್ಷೆಯನ್ನು ಇಲ್ಲಿ ಎರಡು ಸಲ ಮಾಡಿ.

ಹೆಜ್ಜೆ 9: ಜೋಡಿಸುವಾಗ ಮತ್ತು ಮೊದಲ ತಿಂಗಳು

ಇಬ್ಬರು ಸೇರಿ ಜೋಡಿಸಿ. ಕೆಡುವ ಸಾಧ್ಯತೆ ಎಲ್ಲಕ್ಕಿಂತ ಜಾಸ್ತಿ ಇರುವುದು ಪೆಡಲ್ ಹಾಕುವಾಗ. ಬಲದ ಪೆಡಲು ಮಾಮೂಲಿನಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಾಗುತ್ತದೆ. ಎಡದ್ದು ತಿರುಗುಮುರುಗು. ತುಳಿಯುತ್ತಾ ತುಳಿಯುತ್ತಾ ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಹೀಗೆ ಮಾಡಿರುತ್ತಾರೆ. ಪೆಡಲಿನ ದಂಡದ ಮೇಲೆ ಎಡ ಬಲದ ಗುರುತು ಇರುತ್ತದೆ, ನೋಡಿ. ಮರೆಗೆ ಚೂರು ಗ್ರೀಸ್ ಸವರಿ. ಮೊದಲ ಮೂರು ನಾಲ್ಕು ಸುತ್ತನ್ನು ಬೆರಳಿನಲ್ಲೇ ತಿರುಗಿಸಿ, ಸಲೀಸಾಗಿ ಹೋಗಬೇಕು. ಗಟ್ಟಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಬಿಚ್ಚಿ, ನೇರ ಹಿಡಿದು ಮತ್ತೆ ಶುರುಮಾಡಿ. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಅಡ್ಡ ಕೂತು ಕ್ರ್ಯಾಂಕಿನ ಮರೆಯೇ ಹೋಗುತ್ತದೆ. ಕೈಯಲ್ಲಿ ಪೂರ್ತಿ ಕೂತ ಮೇಲೆ ಸ್ಪ್ಯಾನರ್‌ನಿಂದ ಗಟ್ಟಿಯಾಗಿ ಬಿಗಿಯಿರಿ.

ಬೈಕ್‌ನ ಕಾಲಡಿಯ ತಿರುಪುಗಳನ್ನು ತಿರುಗಿಸಿ ಅಲುಗಾಡದ ಹಾಗೆ ಮಟ್ಟ ಮಾಡಿ. ಮೊದಲ ವಾರ ಕಳೆದ ಮೇಲೆ ಎಲ್ಲ ಬೋಲ್ಟುಗಳನ್ನೂ, ಮುಖ್ಯವಾಗಿ ಎರಡು ಪೆಡಲುಗಳನ್ನು, ಇನ್ನೊಮ್ಮೆ ಬಿಗಿ ಮಾಡಿ. ಹೊಸ ಬೈಕ್‌ನ ಬೋಲ್ಟುಗಳು ಕೂತುಕೊಳ್ಳುತ್ತಾ ಸ್ವಲ್ಪ ಸಡಿಲವಾಗುವುದು ಸಹಜ. ಸಡಿಲ ಪೆಡಲಿನಲ್ಲೇ ತುಳಿಯುತ್ತಾ ಹೋದರೂ ಕ್ರ್ಯಾಂಕಿನ ಮರೆ ಹೋಗುತ್ತದೆ, ಆಗ ಕ್ರ್ಯಾಂಕನ್ನೇ ಬದಲಿಸಬೇಕು. ಪ್ರತಿ ಸಲ ಇಳಿದ ಮೇಲೆ ಒಣಬಟ್ಟೆಯಲ್ಲಿ ಬೆವರು ಒರೆಸಿ, ಬೆವರಿನ ಉಪ್ಪು ಬೋಲ್ಟಿನ ತಲೆಯನ್ನು ಬೇಗ ತಿನ್ನುತ್ತದೆ. ಪಂಜರದಲ್ಲಿ ಕೂರುವ ಧೂಳನ್ನು ಆಗಾಗ ತೆಗೆಯದಿದ್ದರೆ ಅದು ನಿಮ್ಮ ಮುಖಕ್ಕೇ ಬರುತ್ತದೆ.

ಮೊದಲ ಎರಡು ವಾರ ಹತ್ತು ಹದಿನೈದು ನಿಮಿಷ, ಪಕ್ಕದವರ ಜೊತೆ ತುಂಡು ತುಂಡಾಗಿಯಾದರೂ ಮಾತಾಡಲು ಆಗುವಷ್ಟು ವೇಗದಲ್ಲಿ ತುಳಿಯಿರಿ. ಹ್ಯಾಂಡಲನ್ನು ತಳ್ಳುವಷ್ಟೇ ಎಳೆಯುವುದನ್ನೂ ರೂಢಿಸಿಕೊಳ್ಳಿ, ಹೊಸಬರು ತಳ್ಳುವುದನ್ನು ಮಾತ್ರ ಮಾಡಿ ಭುಜ ನೋಯಿಸಿಕೊಳ್ಳುತ್ತಾರೆ. ಆಮೇಲೆ ವಾರಕ್ಕೆ ಒಂದೆರಡು ದಿನ ನಡುನಡುವೆ 15 ಸೆಕೆಂಡು ಜೋರು, ಒಂದು ನಿಮಿಷ ನಿಧಾನ ಅಂತ ಸೇರಿಸಿ. ನಾಲ್ಕು ಸಲದಿಂದ ಶುರುಮಾಡಿ ಎಂಟಕ್ಕೆ ಏರಿಸಬಹುದು. ಜೋರಿನ ಸುತ್ತು ಮುಗಿದ ಕೂಡಲೇ ಇಳಿಯಬೇಡಿ, ಎರಡು ಮೂರು ನಿಮಿಷ ಮೆಲ್ಲಗೆ ತುಳಿದು ಉಸಿರು ಹದಕ್ಕೆ ಬರಲಿ. ಇಳಿಯುವಾಗ ಹ್ಯಾಂಡಲು ಪೂರ್ತಿ ನಿಂತಿದೆಯೇ ನೋಡಿಕೊಂಡು ಕಾಲು ತೆಗೆಯಿರಿ.